ಕೊಂಡ ಜಮೀನಿನ ಮೂಲೆಯಲ್ಲಿ ಹಳೆಯ ಶಾಲೆ ಇದೆ, ಕೆಡವಿಬಿಡಲಾ?

ಪ್ರಶ್ನೆ: ನಾವು ತುಮಕೂರು ಕಡೆಯವರು. ಹದಿನಾಲ್ಕು ವರ್ಷದಿಂದ ಅಮೆರಿಕದ ವರ್ಜೀನಿಯಾದಲ್ಲಿದ್ದೇವೆ. ಹೋದ ವರ್ಷ ರಿಚ್ಮಂಡ್‌ನಿಂದ ಒಂದು ಗಂಟೆ ದೂರದ ಹಳ್ಳಿಯಲ್ಲಿ ಮನೆ ಸಮೇತ ಹನ್ನೊಂದು ಎಕರೆ ಕೊಂಡೆವು. ರಸ್ತೆ ಬದಿಯ ಮೂಲೆಯಲ್ಲಿ ಒಂದು ಹಳೆಯ ಮರದ ಕಟ್ಟಡ ಇದೆ. ಎರಡು ದೊಡ್ಡ ಕೋಣೆ, ಮುಂದೆ ಒಂದು ಚಿಕ್ಕ ಕೋಣೆ, ತಗಡಿನ ಮಾಡು. ಒಂದು ಪಕ್ಕದ ಗೋಡೆ ತುಂಬಾ ಎತ್ತರದ ಕಿಟಕಿಗಳು. ನಮಗೆ ಮಾರಿದವರು ಒಳಗೆ ಒಣಹುಲ್ಲು ತುಂಬಿಟ್ಟಿದ್ದರು, ಅದು ಇನ್ನೂ ಅಲ್ಲೇ ಇದೆ. ಕಂಟ್ರಾಕ್ಟರ್ ನೋಡಿ, "ಬುಡಕ್ಕೆಲ್ಲ ಗೆದ್ದಲು ಹಿಡಿದಿದೆ, ಒಂದೇ ದಿನದಲ್ಲಿ ಕೆಡವಿ ಕೊಡುತ್ತೇನೆ" ಎಂದ. ಅದೇ ವಾರ ಎಂಬತ್ತು ದಾಟಿದ ಒಬ್ಬ ಕಪ್ಪು ಅಜ್ಜಿ ಕಾರು ನಿಲ್ಲಿಸಿ, "ನಾನು ಓದಿದ್ದು ಇಲ್ಲೇ. ಬಿಡುಗಡೆಯಾದ ಗುಲಾಮರು ತಮ್ಮ ಮಕ್ಕಳಿಗೆ ಕಟ್ಟಿಕೊಂಡ ಶಾಲೆ ಇದು" ಎಂದು ಹೇಳಿ ಹೋದರು. ಅಂದಿನಿಂದ ನಿದ್ದೆ ಇಲ್ಲ. ನೆಂಟರೊಬ್ಬರು, "ಐತಿಹಾಸಿಕ ಅಂತ ಗೊತ್ತಾದ್ರೆ ಸರ್ಕಾರ ಜಮೀನನ್ನೇ ತಗೊಳ್ಳುತ್ತೆ, ಸುಮ್ನೆ ಕೆಡವಿಬಿಡು" ಅನ್ನುತ್ತಾರೆ. ನನ್ನ ಹೆಂಡತಿಗೆ ಅದನ್ನು ಅತಿಥಿ ಮನೆ ಮಾಡುವ ಆಸೆ. ಏನು ಮಾಡಲಿ? (ಹೆಸರು ಬೇಡ ಎಂದಿದ್ದಾರೆ.)

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಅಜ್ಜಿ ಹೇಳಿದ್ದು ನಿಜವೇ? ನಿಜವಾದರೆ ಜಮೀನು ಕೈತಪ್ಪುತ್ತದೆಯೇ? ಗೆದ್ದಲು ಹಿಡಿದ ಕಟ್ಟಡಕ್ಕೆ ಹಣ ಸುರಿಯಬೇಕೇ? ಒಂದೊಂದಾಗಿ ಬಿಡಿಸೋಣ. ಅಲ್ಲಿಯವರೆಗೆ ಕಂಟ್ರಾಕ್ಟರ್‌ಗೆ ಬರಬೇಡ ಎಂದು ಹೇಳಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಈ ಸೀಮೆಯಲ್ಲಿ ಹಳೆಯ ಮರದ ಕಟ್ಟಡಗಳ ದುರಸ್ತಿ ಮಾಡಿಸುತ್ತಿದ್ದೇನೆ. ಕೆಡವಿಸಿ ಆದ ಮೇಲೆ ಫೋನ್ ಮಾಡುವವರು ವರ್ಷಕ್ಕೆ ಒಬ್ಬಿಬ್ಬರಾದರೂ ಇರುತ್ತಾರೆ. ಅವರಿಗೆ ನಾನು ಹೇಳುವಂಥದ್ದು ಏನೂ ಇರುವುದಿಲ್ಲ.

ಅಜ್ಜಿಯ ಮಾತಿನಿಂದಲೇ ಶುರು ಮಾಡೋಣ. ಶಾಲೆ ಬೇರೆ, ಶಾಲೆಯ ಕಟ್ಟಡ ಬೇರೆ. ಅವರು ಹೇಳಿದ್ದು ಶಾಲೆಯ ವಿಷಯಕ್ಕೆ ನಿಜವಿದ್ದು, ಈಗ ನಿಂತಿರುವ ಕಟ್ಟಡ ಅದಕ್ಕಿಂತ ಒಂದು ತಲೆಮಾರು ಚಿಕ್ಕದಿರಬಹುದು.

ಲೆಕ್ಕ ಹೀಗೆ. ವರ್ಜೀನಿಯಾದಲ್ಲಿ 1831ರ ಕಾನೂನಿನ ಪ್ರಕಾರ ಕಪ್ಪು ಜನ ಓದುಬರಹ ಕಲಿಯಲು ಒಟ್ಟು ಸೇರಿದರೆ ಅದು ಅಕ್ರಮ ಕೂಟ. ಗುಲಾಮರಷ್ಟೇ ಅಲ್ಲ, ಸ್ವತಂತ್ರರಾಗಿದ್ದ ಕಪ್ಪು ಜನರಿಗೂ ಅದೇ. ನಾರ್ಫಕ್ ಊರಿನಲ್ಲಿ ಮಾರ್ಗರೆಟ್ ಡಗ್ಲಸ್ ಎಂಬ ಬಿಳಿಯ ಹೆಂಗಸು ಕಪ್ಪು ಮಕ್ಕಳಿಗೆ ಅಕ್ಷರ ಕಲಿಸಿದ್ದಕ್ಕೆ 1854ರಲ್ಲಿ ಒಂದು ತಿಂಗಳು ಜೈಲಿನಲ್ಲಿದ್ದರು. ಅಮೆರಿಕದ ಅಂತರ್ಯುದ್ಧ ಶುರುವಾದ 1861ರಲ್ಲೇ ಹ್ಯಾಂಪ್ಟನ್‌ನ ಒಂದು ಓಕ್ ಮರದ ಕೆಳಗೆ ಮೇರಿ ಪೀಕ್ ಎಂಬ ಸ್ವತಂತ್ರ ಕಪ್ಪು ಮಹಿಳೆ, ಓಡಿಬಂದ ಗುಲಾಮರ ಮಕ್ಕಳಿಗೆ ಪಾಠ ಹೇಳಲು ಕುಳಿತರು. ಆ ಮರ ಈಗಲೂ ಇದೆ, ಒಮ್ಮೆ ಹೋಗಿ ನೋಡಿ. 1865ರಲ್ಲಿ ಗುಲಾಮಗಿರಿ ಮುಗಿಯಿತು. ಅದೇ ವರ್ಷ ಕೇಂದ್ರ ಸರ್ಕಾರ ಬಿಡುಗಡೆಯಾದವರ ನೆರವಿಗೆಂದು ಫ್ರೀಡ್‌ಮೆನ್ಸ್ ಬ್ಯೂರೋ ಎಂಬ ಇಲಾಖೆ ತೆರೆಯಿತು. ಉತ್ತರದ ರಾಜ್ಯಗಳ ಚರ್ಚುಗಳ ಜೊತೆ ಸೇರಿ ಅದು ಸಾವಿರಾರು ಶಾಲೆಗಳಿಗೆ ಕೈ ಜೋಡಿಸಿ, 1872ರಲ್ಲಿ ಮುಚ್ಚಿತು. ವರ್ಜೀನಿಯಾ ರಾಜ್ಯ ತಾನೇ ಸರ್ಕಾರಿ ಶಾಲೆ ತೆರೆದದ್ದು 1870ರಲ್ಲಿ. ಬಿಳಿಯರಿಗೆ ಬೇರೆ ಶಾಲೆ, ಕರಿಯರಿಗೆ ಬೇರೆ.

ಅಂದರೆ ಬಿಡುಗಡೆಯಾದವರ ಮಕ್ಕಳು ಓದಿದ ಶಾಲೆ ಎಂದರೆ 1865ರಿಂದ 1890ರ ಆಸುಪಾಸಿನದು. ಬೆರಿವಿಲ್ ಊರಿನ ಜೋಸೆಫೀನ್ ಸಿಟಿ ಶಾಲೆ ಅಂಥದ್ದು, 1882ರದು, ಈಗ ವಸ್ತುಸಂಗ್ರಹಾಲಯ. ಆದರೆ ಆ ಕಾಲದ ಹಳ್ಳಿಶಾಲೆ ಹೆಚ್ಚಾಗಿ ಒಂದೇ ಕೋಣೆ, ಎರಡೋ ಮೂರೋ ಸಣ್ಣ ಕಿಟಕಿ. ಎಷ್ಟೋ ಕಡೆ ಚರ್ಚಿನ ಒಳಗೇ ಪಾಠ. ನೀವು ಕಳಿಸಿದ ಫೋಟೊದಲ್ಲಿ ಇರುವುದು ಅದಲ್ಲ. ಸಾಲಾಗಿ ಒತ್ತೊತ್ತಾಗಿ ಕೂರಿಸಿದ ಆ ಎತ್ತರದ ಕಿಟಕಿಗಳೇ ಒಂದು ಸಹಿ ಇದ್ದ ಹಾಗೆ. ಇದು ರೋಸನ್‌ವಾಲ್ಡ್ ಶಾಲೆ, ಅಂದರೆ ಆ ಹೆಸರಿನ ಉದ್ಯಮಿಯ ನೆರವಿನಿಂದ ಹಳ್ಳಿಯ ಕಪ್ಪು ಮಕ್ಕಳಿಗೆ ಕಟ್ಟಿದ ಶಾಲೆ ಎಂದು ನನ್ನ ಊಹೆ. ವರ್ಜೀನಿಯಾದ ಮಟ್ಟಿಗೆ ಕಾಲ 1917ರಿಂದ 1932ರ ಒಳಗೆ. ಓದಿದವರು ಗುಲಾಮರ ಮೊಮ್ಮಕ್ಕಳು, ಮರಿಮಕ್ಕಳು. ಅದಕ್ಕೂ ಮೊದಲು ಅದೇ ಜಾಗದಲ್ಲೋ ಪಕ್ಕದ ಚರ್ಚಿನಲ್ಲೋ ಹಳೆಯ ಶಾಲೆ ಇದ್ದು, ಅದೇ ಹೆಸರು ಹೊಸ ಕಟ್ಟಡಕ್ಕೆ ಬಂದಿರುವುದು ತೀರಾ ಸಾಮಾನ್ಯ. ಅಜ್ಜಿಯ ಮನೆಯಲ್ಲಿ ಕಥೆ ಹಾಗೆ ಉಳಿದಿರುತ್ತದೆ.

ಪರೀಕ್ಷೆ ಮಾಡಲು ನನ್ನಂಥವರು ಬೇಕಿಲ್ಲ. ಮೊಬೈಲಿನ ದಿಕ್ಸೂಚಿ ಹಿಡಿದು ಕಿಟಕಿಯ ಮುಂದೆ ನಿಲ್ಲಿ. ಪೂರ್ವವೋ ಪಶ್ಚಿಮವೋ ತೋರಿಸಿದರೆ ನನ್ನ ಊಹೆಗೆ ಬಲ ಬಂತು. ಆ ಶಾಲೆಗಳಿಗೆ ಕರೆಂಟ್ ಇರಲಿಲ್ಲ. ಬೆಳಕು ಮಗುವಿನ ಎಡಗಡೆಯಿಂದ ಬೀಳಬೇಕು, ಬರೆಯುವ ಬಲಗೈಯ ನೆರಳು ಪುಸ್ತಕದ ಮೇಲೆ ಬೀಳಬಾರದು ಎಂದು ಲೆಕ್ಕ ಹಾಕಿ ನಕ್ಷೆ ಮಾಡಿದ್ದರು. ಎದುರು ಗೋಡೆಯ ಮೇಲ್ಭಾಗದಲ್ಲಿ ಗಾಳಿಗೆಂದು ಚಿಕ್ಕ ಕಿಟಕಿಗಳಿವೆಯೇ ನೋಡಿ. ಎರಡು ಕೋಣೆಗಳ ನಡುವೆ ಮಡಚುವ ಅಥವಾ ಜಾರಿಸುವ ಗೋಡೆ ಇದ್ದ ಗುರುತು ಹುಡುಕಿ. ಅದನ್ನು ತೆರೆದರೆ ಇಡೀ ಶಾಲೆ ಊರಿನ ಸಭೆಗೆ ಒಂದೇ ಹಾಲ್ ಆಗುತ್ತಿತ್ತು. ಮುಂದಿನ ಚಿಕ್ಕ ಕೋಣೆ ಅಡುಗೆ, ಹೊಲಿಗೆ, ಮರಗೆಲಸ ಕಲಿಸಲು. ಇನ್ನು ಮೊಳೆ. ಸಡಿಲವಾದ ಒಂದನ್ನು ಕಿತ್ತು ನೋಡಿ. ಚಪ್ಪಟೆಯಾಗಿ ಚೌಕವಾಗಿದ್ದರೆ ಹೆಚ್ಚಾಗಿ 1890ಕ್ಕಿಂತ ಹಿಂದಿನದು, ಈಗಿನಂತೆ ಗುಂಡಗೆ ತಂತಿಯ ಮೊಳೆಯಾದರೆ ಆಮೇಲಿನದು. ಒಂದೇ ಮೊಳೆ ನೋಡಿ ತೀರ್ಮಾನಕ್ಕೆ ಬರಬೇಡಿ. ಹಳೆಯ ಶಾಲೆ ಬಿಚ್ಚಿ ಅದರ ಹಲಗೆ ಹೊಸದಕ್ಕೆ ಹಾಕಿರುವುದೂ ಉಂಟು. ಹಾಗೆ ಸಿಕ್ಕರೆ ಅಜ್ಜಿ ನೂರಕ್ಕೆ ನೂರು ಸರಿ.

ರೋಸನ್‌ವಾಲ್ಡ್ ಎಂದರೆ ಯಾರು ಎಂದು ಹೇಳದೆ ಮುಂದೆ ಹೋಗಲಾರೆ. ಇಲ್ಲೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಜೂಲಿಯಸ್ ರೋಸನ್‌ವಾಲ್ಡ್ ಅಂಚೆಯಲ್ಲಿ ಸರಕು ಮಾರುತ್ತಿದ್ದ ಸಿಯರ್ಸ್ ಕಂಪನಿಯ ಮುಖ್ಯಸ್ಥ, ಜರ್ಮನಿಯಿಂದ ವಲಸೆ ಬಂದ ಯಹೂದಿಯ ಮಗ. ಬುಕರ್ ಟಿ. ವಾಷಿಂಗ್ಟನ್ ನಿಮ್ಮ ವರ್ಜೀನಿಯಾದಲ್ಲೇ ಗುಲಾಮರಾಗಿ ಹುಟ್ಟಿ ಅಲಬಾಮಾದಲ್ಲಿ ಟಸ್ಕೀಗಿ ಎಂಬ ಕಪ್ಪು ಜನರ ವಿದ್ಯಾಸಂಸ್ಥೆ ಕಟ್ಟಿದವರು. 1912ರಲ್ಲಿ ರೋಸನ್‌ವಾಲ್ಡ್ ತಮ್ಮ ಐವತ್ತನೇ ಹುಟ್ಟುಹಬ್ಬಕ್ಕೆ ಟಸ್ಕೀಗಿಗೆ 25,000 ಡಾಲರ್ ಕೊಟ್ಟರು. ಅದರಲ್ಲಿ ಉಳಿದ 2,800 ಡಾಲರಿನಲ್ಲಿ ಹಳ್ಳಿಗಳಲ್ಲಿ ಶಾಲೆ ಕಟ್ಟೋಣವೇ ಎಂದು ವಾಷಿಂಗ್ಟನ್ ಕೇಳಿದರು. ಆರು ಶಾಲೆಗಳಿಂದ ಶುರುವಾಗಿದ್ದು 1932ರ ಹೊತ್ತಿಗೆ 15 ರಾಜ್ಯಗಳಲ್ಲಿ 4,977 ಶಾಲೆಗಳಾದವು. ಮೊದಲ ನಕ್ಷೆಗಳನ್ನು ಬರೆಸಿದವರು ರಾಬರ್ಟ್ ಟೇಲರ್, ಅಮೆರಿಕದ ಎಂಐಟಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ.

"ಒಬ್ಬ ಸಾಹುಕಾರ ಕಟ್ಟಿಸಿಕೊಟ್ಟ" ಎಂದು ಎಲ್ಲರೂ ಹೇಳುತ್ತಾರೆ. ಅದು ಸರಿಯಲ್ಲ. ಒಟ್ಟು ಖರ್ಚು 2 ಕೋಟಿ 84 ಲಕ್ಷ ಡಾಲರ್. ಅದರಲ್ಲಿ ರೋಸನ್‌ವಾಲ್ಡ್ ಪಾಲು ನೂರಕ್ಕೆ 15. ಊರಿನ ಕಪ್ಪು ಜನ ಕೈಯಿಂದ ಹಾಕಿದ್ದು ನೂರಕ್ಕೆ 17, ಅಂದರೆ ಸಾಹುಕಾರನಿಗಿಂತ ಜಾಸ್ತಿ. ಉಳಿದ ಬಹುಪಾಲು ತೆರಿಗೆಯ ಹಣ, ಮತ್ತು ಆ ತೆರಿಗೆಯನ್ನು ಅವರೂ ಕಟ್ಟುತ್ತಿದ್ದರು. ಬಿಳಿಯರ ಶಾಲೆ ತೆರಿಗೆಯಿಂದಲೇ ಏಳುತ್ತಿತ್ತು. ಇವರು ತೆರಿಗೆಯನ್ನೂ ಕಟ್ಟಿ, ಮೇಲೆ ಚಂದಾ ಎತ್ತಿ, ಜಾಗ ಬಿಟ್ಟುಕೊಟ್ಟು, ಮರ ಕಡಿದು ತಂದು ತಾವೇ ಕೆಲಸ ಮಾಡಬೇಕಿತ್ತು. ಕೋಳಿ ಮಾರಿ, ಹೊಲದ ಒಂದು ಮೂಲೆಯ ಹತ್ತಿ ಶಾಲೆಗೆಂದು ಬಿಟ್ಟು ಹಣ ಕೂಡಿಸಿದವರು ಅವರು. ಆ ಅಜ್ಜಿ ಕಾರು ನಿಲ್ಲಿಸಿದ್ದು ಸುಮ್ನೆ ಅಲ್ಲ. ಆ ಕಟ್ಟಡದ ಯಾವುದೋ ಹಲಗೆಗೆ ಅವರ ತಾತ ದುಡ್ಡು ಕೊಟ್ಟಿರಬಹುದು.

ಅವು ಯಾಕೆ ಮುಚ್ಚಿದವು ಎನ್ನುವುದೂ ಗೊತ್ತಿರಲಿ. 1954ರಲ್ಲಿ ಸುಪ್ರೀಂ ಕೋರ್ಟ್ ಪ್ರತ್ಯೇಕ ಶಾಲೆ ಸಲ್ಲದು ಎಂದಿತು. ವರ್ಜೀನಿಯಾ ಬಗ್ಗಲಿಲ್ಲ. ಪ್ರಿನ್ಸ್ ಎಡ್ವರ್ಡ್ ಕೌಂಟಿಯಂತೂ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಮಕ್ಕಳನ್ನು ಒಟ್ಟಿಗೆ ಕೂರಿಸುವ ಬದಲು 1959ರಿಂದ 1964ರವರೆಗೆ ಸರ್ಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟಿತು. ಬೇರೆ ಕಡೆ ಹಳ್ಳಿಯ ಎರಡು ಕೋಣೆಯ ಶಾಲೆಗಳನ್ನು ದೊಡ್ಡ ಶಾಲೆಗೆ ಸೇರಿಸಿ, ಕಟ್ಟಡಗಳನ್ನು ಹರಾಜು ಹಾಕಿದರು. ಹಾಗೆ ಕೈ ಬದಲಾಗಿ ನಿಮ್ಮವರೆಗೆ ಬಂದಿದೆ.

ಈಗ ಕಾಗದದ ಕೆಲಸ. ರೋಸನ್‌ವಾಲ್ಡ್ ನಿಧಿಯ ನಿಯಮದಂತೆ ಶಾಲೆಗೆ ಕನಿಷ್ಠ ಎರಡು ಎಕರೆ ಜಾಗ ಇರಬೇಕಿತ್ತು. ನಿಮ್ಮ ಹನ್ನೊಂದು ಎಕರೆಯಲ್ಲಿ ಆ ಎರಡು ಎಕರೆ ಬೇರೆಯೇ ತುಂಡಾಗಿ ಸೇರಿಕೊಂಡಿದೆಯೇ ಎಂದು ಕೌಂಟಿ ಕೋರ್ಟಿನ ಹಳೆಯ ಕ್ರಯಪತ್ರಗಳಲ್ಲಿ ನೋಡಿ. ಕೆಲವು ಪತ್ರಗಳಲ್ಲಿ "ಶಾಲೆಗೆ ಬಳಸದೆ ಹೋದರೆ ಕೊಟ್ಟವರ ವಾರಸುದಾರರಿಗೆ ವಾಪಸ್" ಎಂಬ ಷರತ್ತು ಇರುತ್ತದೆ. ಇದ್ದರೆ ಈಗಲೇ ವಕೀಲರಿಗೆ ತೋರಿಸಿ. ಜಮೀನಿನ ವಿಷಯದಲ್ಲಿ ನಿಮಗೆ ನಿಜವಾದ ತೊಡಕು ಬರುವುದಾದರೆ ಇಲ್ಲಿಂದಲೇ. ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಪ್ರತಿ ರೋಸನ್‌ವಾಲ್ಡ್ ಶಾಲೆಗೂ ಒಂದು ಕಾರ್ಡ್ ಇದೆ. ಕೌಂಟಿ, ವರ್ಷ, ಯಾರು ಎಷ್ಟು ಕೊಟ್ಟರು, ಹಲವಕ್ಕೆ ಫೋಟೊ ಕೂಡ. ಇಂಟರ್ನೆಟ್ಟಿನಲ್ಲೇ ಹುಡುಕಬಹುದು.

ಇನ್ನೊಂದು ವಿಷಯ, ಇದನ್ನು ಮರೆಯಬೇಡಿ. ಕಟ್ಟಡದ ಸುತ್ತ ಜೆಸಿಬಿ ಇಳಿಸುವ ಮೊದಲು ನೆಲ ನೋಡಿ. ಸಾಲಾಗಿ ಕುಸಿದ ಗುಂಡಿಗಳು, ನೆಟ್ಟ ಕಾಡುಗಲ್ಲು, ಕಾಡಿನ ನಡುವೆ ಕಾರಣವಿಲ್ಲದೆ ಹಬ್ಬಿದ ಪೆರಿವಿಂಕಲ್ ಬಳ್ಳಿ. ಇಂಥವು ಕಂಡರೆ ಅಲ್ಲಿ ಸಮಾಧಿಗಳಿರಬಹುದು. ಶಾಲೆ, ಚರ್ಚು, ಸ್ಮಶಾನ ಒಟ್ಟಿಗೇ ಇರುತ್ತಿದ್ದವು. ಸಮಾಧಿ ಕದಲಿಸುವುದು ಅಪರಾಧ. ಖಾಸಗಿ ಜಮೀನಿನಲ್ಲಿದ್ದರೂ ಅಲ್ಲಿಗೆ ಬಂದು ಹೋಗುವ ಹಕ್ಕನ್ನು ವರ್ಜೀನಿಯಾ ಕಾನೂನು ವಂಶಸ್ಥರಿಗೆ ಕೊಟ್ಟಿದೆ.

ನಿಮ್ಮ ನೆಂಟರ ಭಯಕ್ಕೆ ಬರೋಣ. ನಮ್ಮವರಲ್ಲಿ ಈ ಭಯ ಬಹಳ ಜನಕ್ಕಿದೆ. ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಯಾದ ನ್ಯಾಷನಲ್ ರಿಜಿಸ್ಟರ್‌ನಲ್ಲಿ ಹೆಸರು ಬಂದರೆ ಸರ್ಕಾರ ಜಮೀನು ತೆಗೆದುಕೊಳ್ಳುವುದಿಲ್ಲ. ಖಾಸಗಿ ಮಾಲೀಕ ಬೇಡ ಎಂದರೆ ಹೆಸರೇ ಸೇರುವುದಿಲ್ಲ. ಸೇರಿದ ಮೇಲೂ ನಿಮ್ಮ ಹಣದಿಂದ ನೀವು ಬಣ್ಣ ಬದಲಾಯಿಸಬಹುದು, ಮಾರಬಹುದು, ಕೆಡವಲೂಬಹುದು. ಎಷ್ಟೋ ಜನಕ್ಕೆ ಇದು ನಂಬಿಕೆಯೇ ಆಗುವುದಿಲ್ಲ. ಸ್ಪಷ್ಟವಾಗಿ ಹೇಳಬೇಕೆಂದರೆ ಆ ಪಟ್ಟಿ ಕಟ್ಟಡವನ್ನು ಕಾಪಾಡುವುದಿಲ್ಲ, ಗೌರವ ಕೊಡುತ್ತದೆ ಅಷ್ಟೇ. ನಿಜವಾದ ನಿರ್ಬಂಧ ಬರುವುದಾದರೆ ಕೌಂಟಿಯ ಸ್ಥಳೀಯ ನಿಯಮದಿಂದ, ಅಥವಾ ನೀವೇ ಬರೆದುಕೊಟ್ಟ ಒಪ್ಪಂದದಿಂದ. ಕೌಂಟಿಯ ಪ್ಲಾನಿಂಗ್ ಕಚೇರಿಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ.

ಗೆದ್ದಲಿನ ವಿಷಯ. ಕಂಟ್ರಾಕ್ಟರ್ ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾನೆ. ಇಲ್ಲಿನ ಗೆದ್ದಲು ಮಣ್ಣಿನಿಂದ ಬರುತ್ತದೆ, ಒದ್ದೆ ಮರ ಹುಡುಕಿಕೊಂಡು ಬರುತ್ತದೆ. ನಿಜವಾದ ರೋಗ ನೀರು. ಇಂಥ ಕಟ್ಟಡ ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ನಿಂತಿರುತ್ತದೆ, ಕಂಬಗಳ ಮೇಲೆ ಸುತ್ತಲೂ ದಪ್ಪನೆಯ ಬುಡದ ತೊಲೆ. ವರ್ಷಗಳು ಕಳೆದಂತೆ ಎಲೆ, ಮಣ್ಣು ಕೂಡಿ ನೆಲ ಮೇಲೇರಿ ತೊಲೆಯನ್ನು ಮುಟ್ಟುತ್ತದೆ. ಮೇಲೆ ತಗಡಿನ ಮೊಳೆ ಸಡಿಲವಾಗಿ ಸೋರುತ್ತದೆ. ಒಂದು ದಪ್ಪ ಸ್ಕ್ರೂಡ್ರೈವರ್ ತೆಗೆದುಕೊಂಡು ತೊಲೆಯನ್ನು ಎರಡು ಅಡಿಗೊಮ್ಮೆ ಚುಚ್ಚಿ. ಮೂಲೆಗಳಲ್ಲಿ ಸಲೀಸಾಗಿ ಒಳಗೆ ಹೋಗಬಹುದು, ನಡುವೆ ಟಣ್ ಎನ್ನಬಹುದು. ಕೊಳೆತ ಭಾಗವಷ್ಟನ್ನೇ ಕತ್ತರಿಸಿ, ಕಟ್ಟಡವನ್ನು ಜ್ಯಾಕ್ ಮೇಲೆ ಸ್ವಲ್ಪ ಎತ್ತಿ ಹೊಸ ತುಂಡು ಸೇರಿಸುವುದು ನಮಗೆ ದಿನನಿತ್ಯದ ಕೆಲಸ. ಮಲೆನಾಡಿನಲ್ಲಿ ಕಂಬದ ಬುಡ ಕೊಳೆತರೆ ಮನೆ ಕೆಡವುತ್ತಾರಾ? ಬುಡ ಕೊಯ್ದು ಕಲ್ಲು ಕೊಡುತ್ತಾರೆ, ಅಲ್ವಾ?

ಹುಲ್ಲನ್ನು ಈ ವಾರವೇ ಹೊರಗೆ ಹಾಕಿಸಿ. ತೇವ ಹಿಡಿದಿಡುತ್ತದೆ, ಇಲಿ ಸೇರುತ್ತದೆ, ಒಂದು ಕಿಡಿ ಸಾಕು ಎಲ್ಲ ಮುಗಿಯಲು. ಆಮೇಲೆ ಮಾಡಿನ ತೂತು ಮುಚ್ಚಿಸಿ, ಗೋಡೆಗೆ ಒರಗಿದ ಬಳ್ಳಿ ಕಡಿಸಿ, ಸುತ್ತಲಿನ ಮಣ್ಣು ಕೆಳಗಿಳಿಸಿ ನೀರು ದೂರ ಹರಿಯುವಂತೆ ಮಾಡಿ, ಗೆದ್ದಲಿಗೆ ಔಷಧಿ ಹೊಡೆಸಿ. ಕಿಟಕಿಗೆ ಹಲಗೆ ಬಡಿದರೂ ಗಾಳಿಯಾಡಲು ಜಾಲರಿ ಬಿಡಲೇಬೇಕು. ಇದನ್ನು ನಾನು ತಪ್ಪು ಮಾಡಿ ಕಲಿತದ್ದು. ಕೆಲಸದ ಮೊದಲ ವರ್ಷಗಳಲ್ಲಿ ಇಂಥದ್ದೇ ಒಂದು ಶಾಲೆಯನ್ನು ಚಳಿಗಾಲಕ್ಕೆಂದು ಪ್ಲೈವುಡ್ ಹೊಡೆಸಿ ಡಬ್ಬಿಯಂತೆ ಮುಚ್ಚಿಸಿದೆ. ಮುಂದಿನ ಆಗಸ್ಟಿನಲ್ಲಿ ತೆರೆದರೆ ಗೋಡೆಯೆಲ್ಲ ಬೂಸಲು, ನೆಲದ ಹಲಗೆಗಳು ಹಪ್ಪಳದಂತೆ ಸೊಟ್ಟಗಾಗಿದ್ದವು. ಮಾಲೀಕರು ಒಳ್ಳೆಯವರು, ಏನೂ ಅನ್ನಲಿಲ್ಲ. ನನಗೆ ಇವತ್ತಿಗೂ ಮುಜುಗರ.

ಇಷ್ಟು ಮಾಡಿ ಬಾಗಿಲು ಹಾಕಿಟ್ಟರೆ ಕೆಲವು ವರ್ಷ ನಿಶ್ಚಿಂತೆ. ಯೋಚಿಸಲು ಸಮಯ ಸಿಗುತ್ತದೆ. ನನ್ನನ್ನು ಕೇಳಿದರೆ ಈಗ ನಿಮಗೆ ಬೇಕಾದದ್ದು ಇದೇ, ಇದಕ್ಕಿಂತ ಜಾಸ್ತಿ ಬೇಡ. ಇದರಲ್ಲಿರುವ ಅಪಾಯ ಒಂದೇ: "ಮುಂದೆ ನೋಡೋಣ" ಎಂದು ಮರೆತುಬಿಡುವುದು. ವರ್ಷಕ್ಕೆ ನಾಲ್ಕು ಸಲವಾದರೂ, ಅದೂ ಮಳೆ ಬಂದ ಮರುದಿನ, ಒಳಗೆ ಹೋಗಿ ನೋಡಬೇಕು. ವಿಮೆಯವರಿಗೂ ಖಾಲಿ ಕಟ್ಟಡ ಇದೆ ಎಂದು ತಿಳಿಸಿಡಿ.

ಅತಿಥಿ ಮನೆ ಆಗುತ್ತದೆಯೇ? ಆಗಬಹುದು. ಮೊದಲು ಶೌಚಾಲಯದ ಗುಂಡಿಗೆ ಆ ಮಣ್ಣು ನೀರು ಇಂಗಿಸುತ್ತದೆಯೇ ಎಂದು ಪರೀಕ್ಷೆ ಮಾಡಿಸಿ. ಹಳ್ಳಿಯಲ್ಲಿ ಎಷ್ಟೋ ಯೋಜನೆಗಳು ಅಲ್ಲೇ ನಿಲ್ಲುತ್ತವೆ, ನಕ್ಷೆಗೆ ದುಡ್ಡು ಕೊಟ್ಟಾದ ಮೇಲೆ. ತೆರಿಗೆಯಲ್ಲಿ ಒಳ್ಳೆಯ ಸೌಲಭ್ಯ ಇದೆ. ಬಾಡಿಗೆ ಬರುವ ಐತಿಹಾಸಿಕ ಕಟ್ಟಡವಾದರೆ ದುರಸ್ತಿ ಖರ್ಚಿನ ನೂರಕ್ಕೆ 20ರಷ್ಟು ಕೇಂದ್ರ ತೆರಿಗೆಯಲ್ಲಿ ಕಡಿತ ಸಿಗುತ್ತದೆ, ಐದು ವರ್ಷಕ್ಕೆ ಹಂಚಿ. ವರ್ಜೀನಿಯಾ ರಾಜ್ಯ ಬೇರೆಯಾಗಿ ನೂರಕ್ಕೆ 25 ಕೊಡುತ್ತದೆ, ಅದು ಸ್ವಂತ ವಾಸದ ಕಟ್ಟಡಕ್ಕೂ ಉಂಟು. ಆದರೆ ಕೆಲಸ ಅವರ ನಿಯಮದಂತೆ ನಡೆಯಬೇಕು, ಮತ್ತು ಶುರು ಮಾಡುವ ಮೊದಲೇ ರಾಜ್ಯದ ಐತಿಹಾಸಿಕ ಸಂಪನ್ಮೂಲ ಇಲಾಖೆಗೆ ಅರ್ಜಿ ಹೋಗಿರಬೇಕು. ಮುಗಿಸಿ ಆಮೇಲೆ ಕೇಳಿದವರು ನಿರಾಶರಾಗುತ್ತಾರೆ. ಕೇಂದ್ರದ ಕಡಿತ ಪಡೆದು ಐದು ವರ್ಷದೊಳಗೆ ಮಾರಿದರೆ ಒಂದು ಪಾಲು ವಾಪಸ್ ಕಟ್ಟಬೇಕು.

ನಿಯಮ ಎಂದರೆ ಮುಖ್ಯವಾಗಿ ಇದು: ಪಾಠದ ಕೋಣೆಗಳನ್ನು ಅಡ್ಡಗೋಡೆ ಹಾಕಿ ಬೆಡ್‌ರೂಮು ಮಾಡಬೇಡಿ. ಬಚ್ಚಲು, ಅಡುಗೆಮನೆ ಎಲ್ಲ ಮುಂದಿನ ಚಿಕ್ಕ ಕೋಣೆಯಲ್ಲಿ ಹಿಡಿಸಲಿ. ಕಿಟಕಿಗಳನ್ನು ಕಿತ್ತು ಪ್ಲಾಸ್ಟಿಕ್‌ನವು ಹಾಕಬೇಡಿ. ಅಷ್ಟು ಗಟ್ಟಿ ಪೈನ್ ಮರ ಈಗ ದುಡ್ಡು ಕೊಟ್ಟರೂ ಹೊಸದಾಗಿ ಸಿಗುವುದಿಲ್ಲ. ಇಟ್ಟಿಗೆ ಕಂಬದ ಸಂದಿಗೆ ಗಟ್ಟಿ ಸಿಮೆಂಟು ತುಂಬಬೇಡಿ, ಸುಣ್ಣದ ಗಾರೆಯೇ ಬೇಕು. ಊರಿನ ಹಳೆಯ ಮನೆಗೆ ಸಿಮೆಂಟು ಬಳಿದು ಗೋಡೆ ಉದುರಿದ್ದನ್ನು ನೀವೂ ನೋಡಿರುತ್ತೀರಿ. ಹಳೆಯ ಬಣ್ಣದಲ್ಲಿ ಸೀಸ ಇದ್ದೇ ಇರುತ್ತದೆ ಎಂದುಕೊಳ್ಳಿ. ಮನೆಗಳಿಗೆ ಅದನ್ನು ನಿಷೇಧಿಸಿದ್ದೇ 1978ರಲ್ಲಿ. ಒಣಗಿದ್ದಾಗ ಉಜ್ಜಿಸಬೇಡಿ, ಮಕ್ಕಳನ್ನು ದೂರ ಇಡಿ.

ಇನ್ನೊಂದು ದಾರಿ, ಆ ಎರಡು ಎಕರೆಯನ್ನು ಹಳೆಯ ವಿದ್ಯಾರ್ಥಿಗಳ ಸಂಘಕ್ಕೋ ಚರ್ಚಿಗೋ ದಾನವಾಗಿ ಅಥವಾ ದೀರ್ಘ ಗುತ್ತಿಗೆಗೆ ಕೊಡುವುದು. ಅನುದಾನಗಳು ಹೆಚ್ಚಾಗಿ ಇಂಥ ಸಂಸ್ಥೆಗಳಿಗೇ ಸಿಗುತ್ತವೆ, ನಿಮ್ಮಂಥ ಖಾಸಗಿ ಮಾಲೀಕರಿಗಲ್ಲ. ಹಳೆಯ ಕಟ್ಟಡಗಳನ್ನು ಉಳಿಸುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 2017ರಲ್ಲಿ ಕಪ್ಪು ಜನರ ಪರಂಪರೆಯ ತಾಣಗಳಿಗೆಂದೇ ಒಂದು ನಿಧಿ ತೆರೆದಿದೆ. ರಾಪಹ್ಯಾನಕ್ ಕೌಂಟಿಯ ಸ್ಕ್ರಾಬಲ್ ಶಾಲೆ ಹೀಗೆ ಜನ ಸೇರಿ ಉಳಿಸಿಕೊಂಡದ್ದು, ಈಗ ಅಲ್ಲಿ ಊರಿನ ಹಿರಿಯರು ಸೇರುತ್ತಾರೆ. ಅಪಾಯವನ್ನೂ ಹೇಳುತ್ತೇನೆ. ಸಂಘದವರಿಗೆ ವಯಸ್ಸಾಗಿರುತ್ತದೆ, ಉತ್ಸಾಹ ಇರುತ್ತದೆ, ಹಣ ಇರುವುದಿಲ್ಲ. ಇಂತಿಷ್ಟು ವರ್ಷದಲ್ಲಿ ಮಾಡು ದುರಸ್ತಿಯಾಗದಿದ್ದರೆ ಏನು ಎಂದು ಪತ್ರದಲ್ಲೇ ಬರೆಸಿ. ದಾರಿ, ವಾಹನ ನಿಲ್ಲಿಸುವ ಜಾಗ, ಎಲ್ಲ ಮೊದಲೇ ಮಾತಾಡಿಕೊಳ್ಳಿ.

ಬೇರೆ ಕಡೆಗೆ ಸಾಗಿಸಬಹುದು ಎಂದೂ ಯಾರಾದರೂ ಹೇಳಬಹುದು. ಸಾಧ್ಯ, ದುಬಾರಿ, ಮತ್ತು ಜಾಗ ಬಿಟ್ಟ ಕಟ್ಟಡಕ್ಕೆ ರಿಜಿಸ್ಟರ್‌ನಲ್ಲಿ ಸಾಮಾನ್ಯವಾಗಿ ಸ್ಥಾನವಿಲ್ಲ. ರಸ್ತೆ ಅಗಲವಾಗುವಂಥ ಬಲವಂತ ಇದ್ದರೆ ಮಾತ್ರ ಯೋಚಿಸಿ.

ಎಲ್ಲ ನೋಡಿಯೂ ಕೆಡವುವುದೇ ಸರಿ ಎಂದು ನಿಮಗೆ ಅನ್ನಿಸಬಹುದು. ಜಮೀನು ನಿಮ್ಮದು, ಸಾಲದ ಕಂತು ಕಟ್ಟುವವರು ನೀವು. ನಾನು ತಪ್ಪು ಎನ್ನುವುದಿಲ್ಲ. ಆದರೆ ಅಳತೆ ಹಿಡಿದು ನಕ್ಷೆ, ಒಳಹೊರಗಿನ ಫೋಟೊ ಮಾಡಿಸದೆ ಕೆಡವಬೇಡಿ. ಅಮೆರಿಕದಲ್ಲಿ ರೋಸನ್‌ವಾಲ್ಡ್ ಕಟ್ಟಡಗಳಲ್ಲಿ ಉಳಿದಿರುವುದು ನೂರಕ್ಕೆ ಹತ್ತೋ ಹನ್ನೆರಡೋ. ಹಳೆಯ ಪೈನ್ ಹಲಗೆ ಕೊಳ್ಳುವ ವ್ಯಾಪಾರಿಗಳು ವಾಸನೆ ಹಿಡಿದು ಬರುತ್ತಾರೆ, ಒಳ್ಳೆಯ ಬೆಲೆಯನ್ನೂ ಹೇಳುತ್ತಾರೆ. ಅವರಿಗೂ ಸದ್ಯಕ್ಕೆ ಇಲ್ಲ ಎನ್ನಿ. ಎಷ್ಟು ಖರ್ಚಾಗುತ್ತದೆ ಎಂದು ಕಟ್ಟಡ ಮುಟ್ಟಿ ನೋಡದೆ ಹೇಳುವವರನ್ನು, ನನ್ನನ್ನೂ ಸೇರಿಸಿ, ನಂಬಬೇಡಿ.

ಈ ಭಾನುವಾರ ಹತ್ತಿರದ ಕಪ್ಪು ಜನರ ಬ್ಯಾಪ್ಟಿಸ್ಟ್ ಚರ್ಚಿಗೆ ಹೋಗಿ, ಪ್ರಾರ್ಥನೆ ಮುಗಿಯುವ ಹೊತ್ತಿಗೆ. ಅಜ್ಜಿಯ ವಿಷಯ ಹೇಳಿದರೆ ಅವರು ಯಾರೆಂದು ಅಲ್ಲಿ ಯಾರಿಗಾದರೂ ಗೊತ್ತಿರುತ್ತದೆ. ಅವರನ್ನು ಕರೆಸಿ, ಕುರ್ಚಿ ಹಾಕಿ ಒಳಗೆ ಕೂರಿಸಿ, ಅವರ ಬೆಂಚು ಎಲ್ಲಿತ್ತು, ಒಲೆ ಎಲ್ಲಿತ್ತು, ಟೀಚರ್ ಯಾರು ಎಂದು ಕೇಳಿ, ಒಪ್ಪಿದರೆ ರೆಕಾರ್ಡ್ ಮಾಡಿ. ಅದಕ್ಕೂ ಮೊದಲು ಹುಲ್ಲು ತೆಗೆಸುತ್ತೀರಲ್ಲ, ಆ ಕೆಲಸದವರಿಗೆ ಒಂದು ಮಾತು ಹೇಳಿಬಿಡಿ. ಗೋಡೆಯ ಮೇಲೆ ಕಪ್ಪುಹಲಗೆ ಇದ್ದರೆ ಒದ್ದೆ ಬಟ್ಟೆ ಹಾಕಿ ಒರೆಸಬಾರದು. ಹುಲ್ಲಿನ ಹಿಂದೆ ಮರೆಯಾಗಿದ್ದ ಹಲಗೆಗಳ ಮೇಲೆ ಕೊನೆಯ ದಿನದ ಸೀಮೆಸುಣ್ಣದ ಬರಹ ಹಾಗೇ ಉಳಿದಿದ್ದನ್ನು ನಾನು ಎರಡು ಸಲ ನೋಡಿದ್ದೇನೆ.